ಮಡಕೆ ಚೂರಿನ ಮೇಲಿನ ಬೆರಳಚ್ಚು

ಅಕ್ಕಾ,

ಇಲ್ಲಿ ನಮ್ಮ ಸಂಶೋಧನಾಲಯದ ನೆಲಮಾಳಿಗೆ ತುಂಬ ಸಾವಿರಾರು ವರ್ಷ ಹಳೆಯ ಮಡಕೆ ಚೂರುಗಳು. ಹಸಿ ಮಣ್ಣಿನಲ್ಲಿ ಒತ್ತಿದ ಬೆರಳಚ್ಚುಗಳು ನಿನ್ನೆ ಮೊನ್ನೆ ಮೂಡಿದಂತಿವೆ. ಪಕ್ಕದ ಕೋಣೆಯ ಭೌತವಿಜ್ಞಾನಿ ಬೆಳಕು ಹಾಯಿಸಿ ಆ ಗೆರೆಗಳನ್ನು ಅಳೆದುಕೊಟ್ಟಳು. ಗೆರೆಗಳ ನಡುವಿನ ಅಂತರ ನೋಡಿದರೆ ಹೆಚ್ಚಿನವು ಹೆಂಗಸರ ಬೆರಳುಗಳು! ಆ ಕಾಲದ ಕುಂಬಾರರೆಲ್ಲ ಗಂಡಸರೇ ಎಂದು ಪುಸ್ತಕ ಬರೆದು ಹೆಸರಾದವರು ನನ್ನ ಪಿಎಚ್.ಡಿ. ಗೈಡ್.

"ಪ್ರಬಂಧದಲ್ಲಿ ಈ ಭಾಗ ಕೈಬಿಡಮ್ಮ, ನಿನ್ನ ಒಳ್ಳೇದಕ್ಕೇ ಹೇಳ್ತಿದ್ದೀನಿ," ಎಂದರು.

ನಿನ್ನೆಯ ಸಭೆಯಲ್ಲಿ ಅದನ್ನೇ ಮೊದಲು ಓದಿದೆ. ಇತಿಹಾಸದವರು, ರಸಾಯನದವರು, ಭಾಷೆಯವರು ಎಲ್ಲರೂ ಕೂತಿದ್ದರು. ಗೈಡ್ ಎದ್ದು, "ಈ ಕೆಲಸಕ್ಕೂ ನನಗೂ ಸಂಬಂಧ ಇಲ್ಲ," ಎಂದುಬಿಟ್ಟರು. ನಾನೂ ಬಿಡಲಿಲ್ಲ ಕಣೇ, "ಸರಿ ಸಾರ್, ಹಾಗಾದ್ರೆ ಇದು ನಂದೊಬ್ಬಳದೇ," ಎಂದೆ.

"ಒಬ್ಬಳದಲ್ಲ, ಅಳತೆ ನಂದು," ಎಂದು ಭೌತವಿಜ್ಞಾನಿ ಎದ್ದು ನಿಂತಳು.

ಬೆಳಿಗ್ಗೆ ಬಂದರೆ ನನ್ನ ಕೋಣೆಯ ಬೀಗ ಬದಲಾಗಿತ್ತು. ಈಗ ಅವಳ ಪ್ರಯೋಗಾಲಯದ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ಬೆನ್ನು ಸ್ವಲ್ಪ ನೋಯುತ್ತದೆ, ಕೆಮ್ಮು ಪೂರ್ತಿ ಹೋಗಿದೆ, ಊಟ ಸೇರುತ್ತಿದೆ. ವಾಪಸ್ ಬಾ ಎಂದು ಅಮ್ಮನ ಕೈಲಿ ಫೋನ್ ಮಾಡಿಸಬೇಡ. ನೋಡಬೇಕಾದ ಚೂರುಗಳು ಇನ್ನೂ ಕಪಾಟುಗಟ್ಟಲೆ ಇವೆ, ಮುಗಿಸದೆ ಜಪ್ಪಯ್ಯ ಎಂದರೂ ಬರುವುದಿಲ್ಲ. ಅಪ್ಪ ಕೇಳಿದರೆ ಏನೂ ಮುಚ್ಚಿಡಬೇಡ. ಮಗಳು ದೊಡ್ಡವರಿಗೆ ಎದುರು ಮಾತಾಡಿದಳು ಎಂದೇ ಹೇಳು, ಸ್ವಲ್ಪ ಜೋರಾಗಿಯೇ ಹೇಳು.

ಕಾರ್ಡು ತುಂಬಿತು.

ನಿನ್ನ ತಂಗಿ