ಅತ್ತೆಯ ಕೊಡಲಿ, ಗುಡ್ಡದ ಗಾಳಿ

ಕೊಯಾಯ್ಕೆ, ಜುಲೈ 14, ಮಂಗಳವಾರ

ದೇವರ ಸಾಕ್ಷಿಯಾಗಿ ಒಪ್ಪಿಕೊಳ್ಳುತ್ತೇನೆ: ಅತ್ತೆಯ ಕೊಡಲಿಯನ್ನು ಕದ್ದು ಮಂಚದಡಿ ಅಡಗಿಸಿದವನು ನಾನೇ. ಭೂಮಿಯ ಈ ತೆಂಕಣ ತುದಿಯಲ್ಲಿ ಜೂನ್-ಜುಲೈಗೆ ಚಳಿಗಾಲ ಬಂತೆಂದರೆ ಎದೆಲ್ಮಿರಾ ಅತ್ತೆ ಅಗ್ಗದ ಹಸಿಸೌದೆ ಸೀಳಿ ಒಲೆಗೆ ತುಂಬುತ್ತಿದ್ದರು. ಮನೆಯೆಲ್ಲ ಹೊಗೆ, ಅವರಿಗೆ ರಾತ್ರಿಯಿಡೀ ಕೆಮ್ಮು. ಕೊಡಲಿ ಕಾಣೆಯಾದಂದಿನಿಂದ ನಾನೇ ಒಣಸೌದೆ ಕೊಂಡು ತರುತ್ತಿದ್ದೇನೆ.

ಮನೆಗೆ ಆಕ್ಸಿಜನ್ ಸಿಲಿಂಡರ್ ಬೇಕೋ ಬೇಡವೋ ಎಂದು ಇವತ್ತು ಆಸ್ಪತ್ರೆಯಲ್ಲಿ ತೀರ್ಮಾನವಾಗಬೇಕಿತ್ತು.

"ಬೇಡ, ಎದೆ ಎಷ್ಟೋ ಸುಧಾರಿಸಿದೆ. ಏನ್ ಮಾಡಿದ್ರಿ?" ಎಂದರು ಡಾಕ್ಟರಮ್ಮ.

ನನಗೆ ಹೋದ ಉಸಿರು ಬಂತು. ಬಂದ ಉಸಿರನ್ನೆಲ್ಲ ಭಾಷಣಕ್ಕೇ ಬಳಸಿದೆ. ಗುಡ್ಡದ ಮೇಲಿನ ಸಿರಿವಂತರಿಗಿಂತ ನಮ್ಮ ಕೇರಿಯವರು ಬೇಗ ಸಾಯುವುದು ಈ ಹೊಗೆಯಿಂದಲೇ ಎಂದೆ, ಕೊಡಲಿಯ ಕಥೆ ಹೇಳಿದೆ. ಅವರು ನನ್ನ ಕೈ ಕುಲುಕಿದರು.

ಬಸ್ಸಿನಲ್ಲಿ ಅತ್ತೆ ನಕ್ಕರು. "ನಿಮ್ ಭಾಷಣಕ್ಕೆ ಕೆಮ್ಮು ಹೆದರೋ ಹಾಗಿದ್ರೆ, ಅಳಿಯಂದ್ರೇ, ನಿಮ್ ಮದುವೆ ದಿನಾನೇ ಓಡಿಹೋಗ್ತಿತ್ತು! ಗುಡ್ಡದ ಮೇಲೆ ನನ್ ಗೆಳತಿ ಒರ್ತೆನ್ಸಿಯಾ ಅಡುಗೆ ಮಾಡೋ ಮನೇಲಿ ದಿನಾ ಸಂಜೆವರೆಗೂ ಮಾಟೆ ಕಷಾಯ ಹೀರ್ತಾ ಕೂತಿರ್ತೀನಿ. ಕರೆಂಟ್ ಹೀಟರು, ಚೂರೂ ಹೊಗೆ ಇಲ್ಲ. ದುಡ್ಡಿದ್ದೋರ ಗಾಳೀನ ಪುಕ್ಕಟೆ ಕುಡ್ಕೊಂಡ್ ಬರ್ತಿದೀನಿ."

ಇರಲಿ, ಹೇಗೋ ಅತ್ತೆ ಕೆಮ್ಮನ್ನು ಗೆದ್ದರಲ್ಲ. ಈ ರಾತ್ರಿ ಪಕ್ಕದ ಕೋಣೆಯಲ್ಲಿ ಕೆಮ್ಮಿಲ್ಲ, ಗೊರಕೆಯಿದೆ. ಇಷ್ಟು ಇಂಪಾದ ಗೊರಕೆಯನ್ನು ನಾನು ಕೇಳಿಯೇ ಇಲ್ಲ.

ಆದರೂ ಅರ್ಧ ಕೀರ್ತಿ ಕೊಡಲಿ ಕದ್ದವನದೇ ಎಂದು ಬರೆಯಹೊರಟಾಗ ಹೊಗೆಗೆ ಕಣ್ಣು ಉರಿಯಿತು. ಒಣಸೌದೆ ತುಟ್ಟಿ, ಬೆಳಗಿನವರೆಗೆ ಬಾಳಲಿ ಎಂದು ದಿನಾ ರಾತ್ರಿ ಒಲೆಯ ಗಾಳಿಕಿಂಡಿ ಮುಚ್ಚಿ, ಮನೆಗೂ ಕೇರಿಗೂ ಹೊಗೆ ತುಂಬುತ್ತಿದ್ದುದು ಡಾಕ್ಟರಮ್ಮ ಕುಲುಕಿದ ಇದೇ ಕೈ. ಈಗಷ್ಟೇ ಎದ್ದು ಆ ಕಿಂಡಿ ತೆರೆದು ಬಂದೆ.