ಸೀಟಿ ಕೇಳಿಸದ ತಂಡ

ಹನ್ನೊಂದನೇ ತಾರೀಖು, ಭಾನುವಾರ ಮಧ್ಯಾಹ್ನ

ಪುಟ್ಟೀ,

ಅಪ್ಪನ ಆಶೀರ್ವಾದ. ಕಾಗದ ಇಷ್ಟು ತಡವಾಯ್ತು ಅಂತ ಬೈಯಬೇಡ. ಮೂರು ಸಲ ಶುರು ಮಾಡಿ ಮೂರು ಸಲವೂ ಹರಿದು ಹಾಕಿದೆ. ಮಂಡಿನೋವು ಅನ್ನೋಣ ಅಂದರೆ ಮಂಡಿಯಿಂದ ಯಾರೂ ಕಾಗದ ಬರೆಯಲ್ಲವಲ್ಲ, ಆ ನೆಪ ನಡೆಯೋದಿಲ್ಲ.

ನಮ್ಮ ಫುಟ್‌ಬಾಲ್ ಕ್ಲಬ್ಬಿಗೆ ಈ ವರ್ಷ ಐವತ್ತು ತುಂಬುತ್ತೆ. ಈಗ ಆಡುವವರು ಮನೆಗೆ ಬಂದು, "ತಾತ, ಶುರು ಮಾಡಿದವರಲ್ಲಿ ಉಳಿದಿರೋದು ನೀವೊಬ್ಬರೇ, ಚರಿತ್ರೆ ಬರೆದುಕೊಡಿ" ಅಂದರು. ಎರಡು ಸಾಲು ಬರೆಯೋಷ್ಟರಲ್ಲಿ ನಿನ್ನ ಜೊತೆ ಮಾತಾಡ್ತಿರೋ ಹಾಗಾಯ್ತು. ಸರಿ, ಮೊದಲು ನಿನಗೇ ಬರೆಯೋಣ ಅಂತ ಕೂತೆ.

ನೀನು ಹುಟ್ಟುವ ಹೊತ್ತಿಗೆ ನಮ್ಮ ಬಟ್ಟೆ ಗಿರಣಿ ಮುಚ್ಚಿತ್ತು. ಮಗ್ಗದ ಶೆಡ್ಡು ಹೇಗಿತ್ತು ಅಂತ ನೀನು ನೋಡಲೇ ಇಲ್ಲ. ನಾನೂರು ಮಗ್ಗ, ಒಂದೇ ಸೂರು. ಪಕ್ಕದವನು ಕಿವಿಗೆ ಬಾಯಿಟ್ಟು ಕೂಗಿದರೂ ತುಟಿ ಆಡೋದಷ್ಟೇ ಕಾಣೋದು. ಅದಕ್ಕೆ ನಾವು ಕೈಯಲ್ಲೇ ಮಾತಾಡ್ತಿದ್ದೆವು. ಎರಡು ಬೆರಳನ್ನ ಕತ್ತರಿ ಹಾಗೆ ಆಡಿಸಿದರೆ ನೂಲು ಹರಿದಿದೆ ಅಂತ. ಹೆಗಲು ತಟ್ಟಿಕೊಂಡರೆ ಸೂಪರ್‌ವೈಸರ್ ಬರ್ತಿದ್ದಾನೆ ಅಂತ. ಮೂಗು ಹಿಡಿದುಕೊಂಡರೆ... ಅದು ಬೇಡ ಬಿಡು. ಬಿಸಿಲಿನ ಕೋಲುಗಳಲ್ಲಿ ಹತ್ತಿಯ ಧೂಳು ತೇಲೋದು. ಆ ಗದ್ದಲ ಎಷ್ಟು ತುಂಬಿರ್ತಿತ್ತು ಅಂದರೆ, ಸ್ವಲ್ಪ ಹೊತ್ತಾದ ಮೇಲೆ ಅದೇ ಮೌನ ಆಗಿಬಿಡೋದು. ನೀರಿನೊಳಗೆ ಕಣ್ಣು ಬಿಟ್ಟುಕೊಂಡು ನಡೆದಾಡಿದ ಹಾಗೆ.

ಕ್ಲಬ್ಬು ಹುಟ್ಟಿದ್ದು ಮಧ್ಯಾಹ್ನದ ಅರ್ಧ ಗಂಟೆ ಬಿಡುವಿನಲ್ಲಿ. ಮಗ್ಗ ರಿಪೇರಿಯ ಮೇಸ್ತ್ರಿ ಚಿಂದಿ ಬಟ್ಟೆ ಉಂಡೆ ಕಟ್ಟಿ, ಮೇಲೆ ತುಂಡು ನೂಲು ಸುತ್ತಿ ಒಂದು ಚೆಂಡು ಮಾಡಿದ. ಬಣ್ಣ ಹಾಕೋ ಖಾತೆಯ ಹಿಂದೆ ಒಂದಿಷ್ಟು ಖಾಲಿ ಜಾಗ. ಬಣ್ಣದ ನೀರು ಹರಿದು ಬಂದು ಅಲ್ಲೇ ನಿಲ್ತಿತ್ತು. ಸೋಮವಾರ ನೀಲಿ, ಗುರುವಾರ ಕೆಂಪು. ಆಡಿ ಬಂದವರ ಪಾದ ನೋಡಿದರೆ ವಾರ ಯಾವುದು ಅಂತ ಹೇಳಬಹುದಿತ್ತು. ಮೇಸ್ತ್ರಿ ನಾಯಕ, ನಾನು ಎಡಗಡೆ ಮುಂದೆ, ಗೋಲು ಕಾಯೋಕೆ "ಕಂಬ". ಆರಡಿ ಉದ್ದ ಇದ್ದ, ನಿಂತಲ್ಲಿಂದ ಅಲುಗಾಡ್ತಿರಲಿಲ್ಲ, ಎರಡಕ್ಕೂ ಸೇರಿ ಆ ಹೆಸರು.

ಮೊದಲ ಪಂದ್ಯ ಎರಕದ ಕಾರ್ಖಾನೆಯವರ ಮೇಲೆ. ನಾನು ಚೆಂಡು ತಳ್ಳಿಕೊಂಡು ಓಡಿದೆ, ಓಡಿದೆ, ಯಾರೂ ಅಡ್ಡ ಬರಲಿಲ್ಲ. ಅವರ ಗೋಲು ಕಾಯೋನು ಕೈಕಟ್ಟಿ ನಿಂತಿದ್ದ. ಹೊಡೆದೆ, ಗೋಲು! ಎರಡೂ ಕೈ ಎತ್ತಿ ತಿರುಗಿದರೆ ಮೈದಾನಕ್ಕೆ ಮೈದಾನವೇ ಹೊಟ್ಟೆ ಹಿಡಿದುಕೊಂಡು ನಗ್ತಿದೆ. ರೆಫರಿ ಸೀಟಿ ಊದಿ ಅರ್ಧ ನಿಮಿಷ ಆಗಿತ್ತಂತೆ. ನಮ್ಮ ಹನ್ನೊಂದು ಜನರಲ್ಲಿ ಒಬ್ಬನಿಗೂ ಕೇಳಿಸಿರಲಿಲ್ಲ. ಮಗ್ಗ ಮೊದಲು ಕಿತ್ತುಕೊಳ್ಳೋದೇ ಅಂಥ ತೆಳು ದನಿಗಳನ್ನ. "ಕಿವುಡರ ಸಂತೆ" ಅಂತ ಜನ ಕೂಗಿದರಂತೆ. ಅದೂ ಕೇಳಿಸಲಿಲ್ಲ, ಆಮೇಲೆ ಯಾರೋ ಹೇಳಿದರು.

ಮುಂದಿನ ಪಂದ್ಯಕ್ಕೆ ನೂಲು ಸುತ್ತುವ ಖಾತೆಯ ಒಬ್ಬಳು ಬಂದು ಗೆರೆಯ ಪಕ್ಕ ನಿಂತಳು. ಕೈಯಲ್ಲಿ ಒಂದು ಗಜ ಬಿಳಿ ಬಟ್ಟೆ. ಸೀಟಿ ಊದಿದಾಗೆಲ್ಲ ಅದನ್ನ ಬೀಸಿದಳು. "ಹೆಂಗಸರಿಗೆ ಇಲ್ಲೇನು ಕೆಲಸ?" ಅಂತ ಮೇಸ್ತ್ರಿ ಗದರಿದ. "ನೀವು ಕಿವಿ ಮನೇಲಿ ಬಿಟ್ಟು ಬಂದಿದ್ದೀರಲ್ಲ ಅಣ್ಣ, ತಂದುಕೊಡೋಕೆ ಬಂದೆ" ಅಂದಳು. ಅವಳೇ ನಿನ್ನಮ್ಮ. ಅವತ್ತಿನಿಂದ ನನ್ನ ಒಂದು ಕಣ್ಣು ಚೆಂಡಿನ ಮೇಲೆ, ಇನ್ನೊಂದು ಕಣ್ಣು ಗೆರೆಯ ಕಡೆ. ಎಲ್ಲಾ ತಂಡದ ಹಿತಕ್ಕೇ ಅಂತ ಮೇಸ್ತ್ರಿಗೆ ಹೇಳ್ತಿದ್ದೆ.

ಮೂರನೇ ವರ್ಷ ಕಾರ್ಖಾನೆಗಳ ಪಂದ್ಯಾವಳಿಯ ಫೈನಲ್ಲಿಗೆ ಅದೇ ಎರಕದವರು ಎದುರಾದರು. ಅವರು "ಇತ್ತ ಕೊಡು, ಅತ್ತ ಬಿಡು" ಅಂತ ಗಂಟಲು ಹರಿದುಕೊಳ್ಳೋರು, ಅವರ ಗುಟ್ಟು ಊರಿಗೆಲ್ಲ ಗೊತ್ತಾಗೋದು. ನಮ್ಮ ಮಾತೆಲ್ಲ ಕೈಯಲ್ಲಿ. ಸಂಜೆ ಮಂಜು ಇಳಿದಿತ್ತು. ದೂರದಿಂದ ಕಂಬ ಎರಡು ಬೆರಳು ಆಡಿಸಿದ. ನೂಲು ಹರಿದಿದೆ, ಅಂದರೆ ಅವರ ಸಾಲಿನಲ್ಲಿ ಸಂದು ಬಿದ್ದಿದೆ. ಮೇಸ್ತ್ರಿ ಚೆಂಡನ್ನ ಅಲ್ಲಿಗೇ ತೂರಿಸಿದ. ನನ್ನ ಕಾಲು ತಗುಲಿದ್ದು ನೆನಪಿದೆ. ಚೆಂಡು ಮಂಜಿನೊಳಗೆ ಹೋಗ್ತಾನೇ ಇತ್ತು, ಅವಸರವೇ ಇಲ್ಲದ ಹಾಗೆ. ಬಲೆ ಉಬ್ಬಿತು. ಅಷ್ಟೂ ಜನ ಬಾಯಿ ತೆರೆದಿದ್ದರು, ನನಗೆ ದನಿಯೇ ಕೇಳಿಸ್ತಿಲ್ಲ. ಟೋಪಿಗಳು ಹತ್ತಿಯ ಹಾಗೆ ನಿಧಾನಕ್ಕೆ ಮೇಲೆ ಹೋದವು. ನಿನ್ನಮ್ಮ ಬಟ್ಟೆ ಬೀಸೋದು ಮರೆತು ಅದರಲ್ಲೇ ಮುಖ ಮುಚ್ಚಿಕೊಂಡು ಅಳ್ತಿದ್ದಳು. ಗೆದ್ದೆವು ಅಂತ ನನಗೆ ಗೊತ್ತಾಗಿದ್ದು ಹಾಗೆ.

ಆಮೇಲೆ ಮಗ್ಗಗಳು ಗುಜರಿಗೆ ಹೋದವು, ಕ್ಲಬ್ಬು ಉಳೀತು. ಈಗ ಆಡುವವರಲ್ಲಿ ಲಾರಿ ಡ್ರೈವರ್ ಇದ್ದಾನೆ, ಆಸ್ಪತ್ರೆಯ ನರ್ಸ್ ಇದ್ದಾನೆ. ಮಗ್ಗ ಕಂಡವರು ಒಬ್ಬರೂ ಇಲ್ಲ. ಆದರೂ ಮೂಲೆಯಿಂದ ಚೆಂಡು ಒದೆಯುವ ಮುಂಚೆ ಹೆಗಲು ತಟ್ಟಿಕೊಳ್ತಾರೆ. ಯಾಕ್ರೋ ಅಂದರೆ, "ಗೊತ್ತಿಲ್ಲ ತಾತ, ಮೊದಲಿಂದ ಹೀಗೇ" ಅಂತಾರೆ. ಸೂಪರ್‌ವೈಸರ್ ಸತ್ತು ಇಪ್ಪತ್ತು ವರ್ಷ ಆಯ್ತು, ಇವರು ಇನ್ನೂ ಎಚ್ಚರಿಸ್ತಾನೇ ಇದ್ದಾರೆ. ನಿನ್ನಮ್ಮ ಹೋದ ಮೇಲೂ ನಾನು ಭಾನುವಾರ ತಪ್ಪಿಸಿಲ್ಲ. ಗೆರೆಯ ಪಕ್ಕ ಕೂತು ಕಣ್ಣು ಅರೆಮುಚ್ಚಿದರೆ ಯಾರು ಈಗಿನವರು, ಯಾರು ಆಗಿನವರು ಅಂತ ಗುರುತು ಸಿಗಲ್ಲ.

ಅಳಿಯಂದಿರಿಗೆ ನನ್ನ ನಮಸ್ಕಾರ ತಿಳಿಸು. ಸೇರಲಿ ಬಿಡಲಿ, ಎರಡು ತುತ್ತು ಊಟ ಮಾಡು. ನಿನ್ನ ತಲೆ ಮೇಲೆ ಕೈಯಿಟ್ಟು ಹರಸ್ತಿದ್ದೀನಿ ಅಂದುಕೋ.

ನಿನ್ನ
ಅಪ್ಪ

ಮರೆತದ್ದು: ಮರೆತದ್ದಲ್ಲ, ಧೈರ್ಯ ಸಾಲದೆ ಬಿಟ್ಟದ್ದು. ಕಳೆದ ತಿಂಗಳು ಮಗು ಉಳೀಲಿಲ್ಲ ಅಂತ ನೀನು ಫೋನ್ ಮಾಡಿದಾಗ ನಾನು "ಒಳ್ಳೇದಾಯ್ತು ಬಿಡಮ್ಮ, ತುಂಬಾ ಸಂತೋಷ" ಅಂದೆ. ಹೆರಿಗೆಯಾದ ಸುದ್ದಿ ಹೇಳ್ತಿದ್ದೀಯ ಅಂದುಕೊಂಡೆ ಪುಟ್ಟೀ. ಅವತ್ತು ಮೈದಾನದಲ್ಲಿ ಎಲ್ಲರಿಗೂ ಮೊಮ್ಮಗು ಬಂತು ಅಂತ ಹೇಳಿಕೊಂಡು ಬಂದೆ. ಅಳಿಯಂದಿರ ಕಾಗದ ಓದಿದ ಮೇಲೇ ನನಗೆ ತಿಳಿದದ್ದು. ಎರಡು ವರ್ಷದಿಂದ ಫೋನಿನಲ್ಲಿ ನನಗೆ ಒಂದು ಮಾತೂ ಕೇಳಿಸಲ್ಲ. ನಿನ್ನಮ್ಮ ಪಕ್ಕದಲ್ಲಿ ಕಿವಿಗೊಟ್ಟು, ನೀನು ಅಂದದ್ದನ್ನ ಕೈಯಲ್ಲಿ ಹೇಳೋಳು, ನಾನು ಉತ್ತರ ಕೊಡ್ತಿದ್ದೆ. ಅವಳು ಹೋದ ಮೇಲೆ ನಿಜ ಹೇಳಿದರೆ ನೀನು ಫೋನ್ ಮಾಡೋದೇ ಬಿಡ್ತೀಯೇನೋ ಅಂತ ಭಯವಾಯ್ತು. ಎಲ್ಲಾದಕ್ಕೂ ಒಳ್ಳೇದಾಯ್ತು ಅಂತಿದ್ದೆ. ಶನಿವಾರ ಬೆಳಗಿನ ರೈಲಿಗೆ ಬರ್ತಿದ್ದೀನಿ. ಬೈಯೋದಿದ್ದರೆ ಎದುರಿಗೆ ಕೂತು ಬೈಯಿ. ಮಗುವಿಗೆ ಏನು ಹೆಸರಿಡಬೇಕು ಅಂತಿದ್ದಿರಿ, ಅದನ್ನ ಮೊದಲು ಹೇಳು. ನನ್ನ ಕಡೆ ತಿರುಗಿ, ನಿಧಾನವಾಗಿ ಹೇಳು.