ಔಷಧ ಕೊಠಡಿಯ ಪಕ್ಕದಲ್ಲಿದ್ದ ಬೆಂಚು ಎಲ್ಲಿ?

ಆಸ್ಪತ್ರೆಗಳ ಶಿಸ್ತು ಹಾಗೂ ಸೌಂದರ್ಯದ ಹೊಣೆ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ನಮ್ಮ ಆಸ್ಪತ್ರೆಯ ಔಷಧ ಕೊಠಡಿಯ ಬಾಗಿಲ ಪಕ್ಕದಲ್ಲಿದ್ದ ಮರದ ಬೆಂಚನ್ನು ವಾಪಸ್ ಕೊಡಿ. ಪತ್ರದ ಸಾರಾಂಶ ಇಷ್ಟೇ. ಕಾರ್ಯಭಾರ ಹೆಚ್ಚಿದ್ದರೆ ತಾವು ಇಲ್ಲಿಗೇ ಓದು ನಿಲ್ಲಿಸಿ ಬೆಂಚು ಹುಡುಕಿಸಬಹುದು. ಬಿಡುವಿದ್ದರೆ ಕುಳಿತು ಓದಿ. ಹೇಗೂ ತಮಗೆ ಕುರ್ಚಿ ಇದೆ.

ತಾವು ತಪಾಸಣೆಗೆ ಬಂದ ದಿನ ನಾನು ಆ ಬೆಂಚಿನ ಮೇಲೆಯೇ ಇದ್ದೆ. ಔಷಧ ಕೊಡುವ ಖುರ್ಷಿದಾ ಮೇಡಂ ನನ್ನ ಪಕ್ಕದಲ್ಲಿ ಕುಳಿತು, ಮಾತ್ರೆ ನುಂಗಿದ ಮೇಲೆ ತೂಕಡಿಕೆ ಬರುತ್ತದೆಯೇ, ಉಸಿರು ಸರಿಯಾಗಿ ಆಡುತ್ತದೆಯೇ ಎಂದು ವಿಚಾರಿಸುತ್ತಿದ್ದರು. "ಇದೇನು ಔಷಧಾಲಯವೋ, ಅರಳಿಕಟ್ಟೆಯೋ?" ಎಂದು ತಾವು ಗುಡುಗಿದಿರಿ. ವಾರ ಕಳೆಯುವಷ್ಟರಲ್ಲಿ ಬೆಂಚು ಮಾಯ. ಬಾಗಿಲಿಗೆ ಬೀಗ. ಪಕ್ಕದ ಗೋಡೆಗೆ ದಪ್ಪ ಗಾಜು, ಗಾಜಿನಲ್ಲಿ ಅಂಗೈ ತೂರುವಷ್ಟು ಕಿಂಡಿ, ಮೇಲೊಂದು ಬೋರ್ಡು: "ಅನಗತ್ಯ ಮಾತುಕತೆ ನಿಷೇಧಿಸಿದೆ." ಯಾವುದು ಅಗತ್ಯ, ಯಾವುದು ಅನಗತ್ಯ ಎಂದು ಮಾತು ಬಾಯಿಂದ ಹೊರಬೀಳುವ ಮೊದಲೇ ಗೊತ್ತಾಗುವ ಯಂತ್ರ ತಮ್ಮ ಕಚೇರಿಯಲ್ಲಿ ಇರಬಹುದು. ನಮ್ಮ ಕಡೆ ಇನ್ನೂ ಬಂದಿಲ್ಲ.

ನನ್ನ ಪರಿಚಯ ಹೇಳಲಿಲ್ಲ, ಕ್ಷಮಿಸಿ. ಕುದೂರಿನ ಸುತ್ತಿನ ರೈತರ ರೇಷ್ಮೆಗೂಡನ್ನು ರಾಮನಗರದ ಮಾರುಕಟ್ಟೆಗೆ ಸಾಗಿಸುತ್ತಿದ್ದ ಟೆಂಪೊ ಡ್ರೈವರ್ ನಾನು. ಒಂದು ತಿರುವಿನಲ್ಲಿ ಟೆಂಪೊ ಮಗುಚಿತು. ಗೂಡಿಗೆ ಒಂದು ಗೀರೂ ಬೀಳಲಿಲ್ಲ, ಒಳ್ಳೇ ರೇಟಿಗೇ ಹೋಯಿತಂತೆ. ನನ್ನ ಬೆನ್ನುಮೂಳೆಯನ್ನು ಮಾತ್ರ ಯಾರೂ ಹರಾಜಿಗೆ ಕೂಗಲಿಲ್ಲ. ಆಪರೇಷನ್ ಆದರೂ ನೋವು ಹೋಗದೆ, ಕಡೆಗೆ ಡಾಕ್ಟರು ಮಾರ್ಫಿನ್ ಮಾತ್ರೆ ಬರೆದರು. ಬೆಳಿಗ್ಗೆ ಒಂದು, ರಾತ್ರಿ ಒಂದು. ಇದು ಹೊಟ್ಟೆಯೊಳಗೆ ಅರ್ಧ ದಿನ ನಿಧಾನವಾಗಿ ಕರಗಬೇಕಾದ ಮಾತ್ರೆ. ಪುಡಿ ಮಾಡಿದರೆ ಅರ್ಧ ದಿನದ ಮದ್ದು ಒಂದೇ ಏಟಿಗೆ ಮೈಗೇರಿ ಉಸಿರೇ ನಿಂತುಬಿಡಬಹುದು. ಡಾಕ್ಟರು ಇದನ್ನು ಹೇಳಿಯೂ ಇರಬಹುದು. ಆ ನೋವಿನಲ್ಲಿ ನನ್ನ ಕಿವಿಗೆ ಏನೂ ಇಳಿದಿರಲಿಲ್ಲ.

ಈಗ ನಮ್ಮ ಮನೆಯ ಒಂದು ಗುಟ್ಟು. ನನಗೆ ಮಾತ್ರೆ ಗಂಟಲಲ್ಲಿ ಇಳಿಯುವುದಿಲ್ಲ. ಮದುವೆಯಾದಾಗಿನಿಂದ ನನ್ನ ಹೆಂಡತಿ ವೆಂಕಟಲಕ್ಷ್ಮಮ್ಮ ನನ್ನ ಪ್ರತಿಯೊಂದು ಮಾತ್ರೆಯನ್ನೂ ಎಲೆ ಅಡಿಕೆಯ ಕುಟ್ಟಾಣಿಯಲ್ಲಿ ಕುಟ್ಟಿ, ಬೆಲ್ಲದ ಜೊತೆ ನೆಕ್ಕಿಸುತ್ತಾ ಬಂದಿದ್ದಾಳೆ. ಮಾರ್ಫಿನ್ ಸಿಕ್ಕಿದ ಮೊದಲ ದಿನ ಖುರ್ಷಿದಾ ಮೇಡಂ ನಮ್ಮಿಬ್ಬರನ್ನೂ ಆ ಬೆಂಚಿನ ಮೇಲೆ ಕೂರಿಸಿ, ಹೇಗೆ ತೆಗೆದುಕೊಳ್ಳುತ್ತೀರಿ ಎಂದು ಕೇಳಿದರು. "ಡಾಕ್ಟ್ರು ಹೇಳ್ದಂಗೆ" ಎಂದೆವು. ಯಾರು ಕೇಳಿದರೂ ನಾವು ಹೇಳುವುದು ಅದನ್ನೇ. ಆಮೇಲೆ ಮಳೆಯ ಮಾತಾಯಿತು, ಹಿಪ್ಪುನೇರಳೆ ಸೊಪ್ಪಿನ ಮಾತಾಯಿತು, ಮೇಡಮ್ಮನವರ ಅತ್ತೆಯ ಸಕ್ಕರೆ ಕಾಯಿಲೆಯೂ ಆಯಿತು. ಹೊರಡಲು ಎದ್ದು, ಒಂದು ಕಾಲು ಚಪ್ಪಲಿಗೆ ತೂರಿಸಿದ ಮೇಲೆ ನನ್ನವಳು ಕೇಳಿದಳು:

"ಮಾತ್ರೆ ಕುಟ್ಟಾಕೆ ಕುಟ್ಟಾಣಿ ತೊಳ್ದಿಟ್ಟಿವ್ನಿ ಕಣವ್ವ. ಒಸಿ ಅಡಿಕೆ ಚೂರು ಸೇರ್ಕಂಡ್ರೆ ಪರವಾಗಿಲ್ವಾ?"

"ಕುಟ್ಟೋದಾ? ಕೂತ್ಕಳಿ! ಇಬ್ರೂ ಕೂತ್ಕಳಿ!" ಮೇಡಂ ಕೂಗಿದ ರಭಸಕ್ಕೆ ಪಕ್ಕದ ವಾರ್ಡಿನವರೂ ಕುಳಿತಿರಬೇಕು. "ಕುಟ್ಟಿ ಕೊಟ್ರೆ ಇವರು ಬೆಳಿಗ್ಗೆ ಏಳಲ್ಲ, ಗೊತ್ತಾ?"

"ಅಯ್ಯೋ ಶಿವನೇ! ಮತ್ತೆ ಇವ್ರ ಗಂಟ್ಲಾಗೆ ಇಳಿಯಾಕಿಲ್ವಲ್ಲವ್ವ!"

"ಮುದ್ದೆ ಇಳಿಯುತ್ತಾ?"

"ಮುದ್ದೆ ಇಳೀದೆ ಏನು? ಕೂತ್ರೆ ಎರಡು ನುಂಗ್ತಾರೆ."

"ಅಗಿದಾ?"

"ಮುದ್ದೆ ಯಾರಾರ ಅಗೀತಾರಾ!" ನನ್ನವಳಿಗೆ ಅವಮಾನವೇ ಆಯಿತು.

ಮೇಡಂ ಒಳಗೆ ಹೋಗಿ ಡಾಕ್ಟರನ್ನು ಕೇಳಿ ಬಂದು ಹೇಳಿದರು, "ಹಂಗಾದ್ರೆ ಒಂದು ಸಣ್ಣ ತುತ್ತು ಮುದ್ದೇಲಿ ಮಾತ್ರೆ ಇಡಿ, ಸಾರಲ್ಲಿ ಅದ್ದಿ. ಹಾಗೇ ಇಡಿಯಾಗಿ ನುಂಗ್ಲಿ." ಅಂದಿನಿಂದ ನುಂಗುತ್ತಿದ್ದೇನೆ. ಬದುಕಿದ್ದೇನೆ. ಆದ್ದರಿಂದಲೇ ತಮಗೆ ಈ ತೊಂದರೆ ಕೊಡಲು ಸಾಧ್ಯವಾಗಿದೆ.

ಮಾನ್ಯರೇ, ನಮ್ಮ ಸೀಮೆಯ ಜನ ಮುಖ್ಯ ವಿಷಯವನ್ನು ಎದ್ದು ಹೊರಡುವಾಗ ಹೇಳುತ್ತಾರೆ. ಎದ್ದು ಹೊರಡಬೇಕಾದರೆ ಮೊದಲು ಕೂತಿರಬೇಕು. ಈ ಸಣ್ಣ ಲೆಕ್ಕ ತಮ್ಮ ತಪಾಸಣಾ ವರದಿಯಲ್ಲಿ ಹೇಗೆ ತಪ್ಪಿಹೋಯಿತು?

ಗಾಜು ಬಂದ ಮೇಲಿನ ವೈಭವ ಕೇಳಿ. ಈ ಮಾತ್ರೆ ನೋವನ್ನೂ ಕಟ್ಟುತ್ತದೆ, ಹೊಟ್ಟೆಯನ್ನೂ ಕಟ್ಟುತ್ತದೆ. ಬೆಂಚಿದ್ದಾಗ ಮೇಡಂ ಇದನ್ನು ಮೆಲ್ಲಗೆ ವಿಚಾರಿಸಿ ಬೇರೊಂದು ಪುಡಿ ಕೊಡುತ್ತಿದ್ದರು. ಈಗ ಗಾಜಿನಾಚೆಯಿಂದ ಕೂಗಬೇಕು. "ರಾಮಲಿಂಗಣ್ಣಾ, ಹೊಟ್ಟೆ ಸಾಫಾಗ್ತಿದ್ಯಾ?" ಇಡೀ ಕ್ಯೂ ನನ್ನ ಕಡೆ ತಿರುಗಿತು. ನಾನು ಮಾನ ಉಳಿಸಿಕೊಳ್ಳಲು ಬೆರಳಿನಲ್ಲಿ ಸನ್ನೆ ಮಾಡಿದೆ. "ಏನು? ಎರಡು ದಿನದಿಂದ ಇಲ್ವಾ?" ಅಲ್ಲಿಗೆ ನನ್ನ ಮಾನವೂ ಸಾಫ್. ಕ್ಯೂನಲ್ಲಿ ಕೆಮ್ಮಿನ ಔಷಧಕ್ಕೆ ನಿಂತಿದ್ದ ನಮ್ಮೂರ ನಾಗರಾಜು ಸಂಜೆ ಟೀ ಅಂಗಡಿಯ ಮುಂದೆ ಹತ್ತು ಜನರೆದುರು ಕೇಳಿದ, "ಏನಣ್ಣೋ, ಆಯ್ತಾ?" ಮಾರನೇ ದಿನ ಪರಿಚಯವೇ ಇಲ್ಲದವರೂ ಕಾಳಜಿ ತೋರಿಸಿದರು. ಮುಂದಿನ ಸಲ ಮೇಡಂ ಏನು ಕೇಳಿದರೂ "ಎಲ್ಲಾ ಚೆನ್ನಾಗೈತೆ" ಎಂದು ಸುಳ್ಳು ಹೇಳಿ ಓಡಿ ಬಂದೆ. ಹೊಟ್ಟೆ ಹಿಡಿದುಕೊಂಡು ಓಡಿದೆ ಎನ್ನುವುದು ಹೆಚ್ಚು ಸರಿ.

ಅದೇ ನಾಗರಾಜು ಮನೆ ಬಾಗಿಲಿಗೂ ಬಂದ. "ಭಾರೀ ಪವರ್ ಮಾತ್ರೆಯಂತೆ ಕಣಕ್ಕ. ನಮ್ಮವ್ವಂಗೆ ಮಂಡಿ ನೋವು, ಎರಡು ಕೊಟ್ಟಿರು." ನನ್ನವಳು ಮಾತ್ರೆಯ ಪೆಟ್ಟಿಗೆಯ ಬೀಗದ ಕೈಯನ್ನು ತಾಳಿಯ ಜೊತೆ ಪೋಣಿಸಿಕೊಂಡಿದ್ದಾಳೆ. "ಹೆಪ್ಪು ಕೇಳ್ಲಾ, ಕೊಡ್ತೀನಿ. ಇದ ಕೊಟ್ರೆ ನಿಮ್ಮವ್ವ ಹೊಂಟೋಯ್ತದೆ" ಎಂದು ಅಟ್ಟಿದಳು. ಇದನ್ನು ಅವಳಿಗೆ ಕಲಿಸಿದ್ದೂ ಆ ಬೆಂಚಿನ ಮೇಲೆಯೇ.

ಇಲ್ಲಿಯವರೆಗೆ ನಗಬಹುದಾಗಿತ್ತು. ಹೋದ ಸೋಮವಾರದ್ದನ್ನು ನೆನೆದರೆ ನನಗೆ ನಗು ಬರುವುದಿಲ್ಲ.

ನಮ್ಮ ಪಕ್ಕದೂರಿನಲ್ಲಿ ಕುರಿ ಸಾಕುವ ಲಕ್ಕಯ್ಯನವರಿಗೆ ಮೂಳೆಯ ಕ್ಯಾನ್ಸರ್. ಅವರಿಗೂ ಅಂದೇ ಮೊದಲ ಸಲ ಇದೇ ಮಾತ್ರೆ ಬರೆದಿದ್ದರು. ಹೆಂಡತಿ ಮಾಯಮ್ಮ ಒಬ್ಬರೇ ಬಂದು, ಕ್ಯೂನಲ್ಲಿ ನನಗಿಂತ ಮುಂದೆ, ಕಿಂಡಿಯ ಬಳಿ ನಿಂತಿದ್ದರು. ಮೇಡಂ ಒಳಗಿನಿಂದ "ಪುಡಿ ಮಾಡ್ಬೇಡಿ" ಎಂದು ಕೂಗುತ್ತಿದ್ದರು, ಹಿಂದಿನವರು "ಬೇಗ ನಡಿಯಮ್ಮೋ" ಎಂದು ನೂಕುತ್ತಿದ್ದರು. ಮಾಯಮ್ಮ ತಲೆಯಾಡಿಸಿದರು. ಟ್ರಾಫಿಕ್ ಪೊಲೀಸರ ಮುಂದೆ ನಾನೂ ಹಾಗೆ ತಲೆಯಾಡಿಸಿದ್ದೇನೆ. ಒಂದಕ್ಷರ ಕೇಳಿಸಿರುವುದಿಲ್ಲ.

ವಾಪಸ್ ಬರುವಾಗ ಕುದೂರಿನ ಬಸ್ಸಿನಲ್ಲಿ ಪುಣ್ಯಕ್ಕೆ ನನಗೂ ಮಾಯಮ್ಮನಿಗೂ ಅಕ್ಕಪಕ್ಕದ ಸಾಲಿನಲ್ಲಿ ಸೀಟು ಸಿಕ್ಕಿತು. ಮಳೆಯ ಮಾತಾಯಿತು, ಕುರಿಮರಿಯ ಮಾತಾಯಿತು. ಅವರ ಸ್ಟಾಪು ಬಂತು. ಚೀಲ ಹಿಡಿದು ಎದ್ದವರು ತಿರುಗಿ ಹೇಳಿದರು, "ನಮ್ಮೆಜಮಾನ್ರು ಮಾತ್ರೆ ಅಂದ್ರೆ ಉಗ್ದುಬುಡ್ತಾರೆ ಕಣಣ್ಣ. ಅದ್ಕೇ ಅರ್ದು ಹಾಲ್ಗೆ ಹಾಕ್ಬುಡ್ತೀನಿ."

"ನಿಲ್ಸಲೇ ಬಸ್ಸು!" ಎಂದು ಕಿರುಚಿದೆ. ಬಸ್ಸು ಆಗಲೇ ನಿಂತಿತ್ತು. ಅವರ ಜೊತೆಗೇ ಇಳಿದು ಖುರ್ಷಿದಾ ಮೇಡಮ್ಮಿಗೆ ಫೋನ್ ಹಚ್ಚಿ, ಮಾಯಮ್ಮನನ್ನು ಬಸ್ ತಂಗುದಾಣದ ಕಲ್ಲಿನ ಮೇಲೆ ಕೂರಿಸಿದೆ. ಮೇಡಂ ಮೊದಲು ಕೇಳಿದ್ದೇನು ಗೊತ್ತೇ? "ಊಟ ಆಯ್ತಾ ಮಾಯಮ್ಮ?" ಅಲ್ಲಿಂದ ಶುರುವಾದ ಮಾತು ಮುಂದಿನ ಬಸ್ಸು ಬರುವವರೆಗೆ ನಡೆಯಿತು. ತಮ್ಮ ಬೋರ್ಡಿನ ಪ್ರಕಾರ ಎಲ್ಲವೂ ಅನಗತ್ಯ.

ಲಕ್ಕಯ್ಯ ಆ ರಾತ್ರಿ ಮಾತ್ರೆಯನ್ನು ಮುದ್ದೆಯ ತುತ್ತಿನಲ್ಲಿ ಇಡಿಯಾಗಿ ನುಂಗಿ, ನೋವಿಲ್ಲದೆ ಮಲಗಿದರು. ಬೆಳಿಗ್ಗೆ ಎದ್ದರು. ಅವರು ಎದ್ದರು ಎನ್ನುವುದನ್ನು ದಯವಿಟ್ಟು ಇನ್ನೊಮ್ಮೆ ಓದಿಕೊಳ್ಳಿ.

ಅಂದು ಬಸ್ಸಿನಲ್ಲಿ ಸೀಟು ಸಿಗದೆ ನಾವಿಬ್ಬರೂ ನಿಂತೇ ಬಂದಿದ್ದರೆ? ಇದಕ್ಕೆ ಉತ್ತರ ಹೇಳಬೇಕಾದವರು ಕಂಡಕ್ಟರೋ, ತಾವೋ? ಬರುವ ಸೋಮವಾರ ಮಾಯಮ್ಮ ಮತ್ತೆ ಆಸ್ಪತ್ರೆಗೆ ಬರುತ್ತಾರೆ. ಮಾತ್ರೆಯ ಪ್ರಮಾಣ ಹೆಚ್ಚಿಸುತ್ತಾರಂತೆ. ಅಷ್ಟರೊಳಗೆ ಬೆಂಚು ತನ್ನ ಜಾಗದಲ್ಲಿರಬೇಕು, ಬಾಗಿಲು ತೆರೆದಿರಬೇಕು. ಗಾಜು ತಮಗೆ ಅಷ್ಟು ಪ್ರೀತಿಯಾದರೆ ಇರಲಿ, ಒರೆಸಿಕೊಳ್ಳೋಣ.

ಬೆಂಚು ಎಲ್ಲಿದೆಯೋ ಹುಡುಕಿಸಬೇಕು ಎಂಬ ನೆಪವೂ ಬೇಡ. ಈ ಪತ್ರ ಕೊಡಲು ತಮ್ಮ ಕಚೇರಿಗೆ ಬಂದಾಗ ಸಾಹೇಬರು ಮೀಟಿಂಗಿನಲ್ಲಿದ್ದಾರೆ, ಹೊರಗೆ ಕೂತಿರಿ ಎಂದರು. ಕುಳಿತೆ. ಬೆಂಚಿನ ಎಡಗಾಲಿಗೆ ಹಿಂದೆ ನಾನೇ ಸುತ್ತಿದ್ದ ಟೆಂಪೊ ಟ್ಯೂಬಿನ ಪಟ್ಟಿ ಇನ್ನೂ ಹಾಗೆಯೇ ಇದೆ. ಬೆಳಗಿನಿಂದ ಇದರ ಮೇಲೇ ಕುಳಿತು ಈ ಕೊನೆಯ ಸಾಲುಗಳನ್ನು ಬರೆಯುತ್ತಿದ್ದೇನೆ, ಮಾತನಾಡಿಸಲು ಯಾರೂ ಬಂದಿಲ್ಲ.

ಇಂತಿ,
ತಮ್ಮ ಬಾಗಿಲ ಹೊರಗೆ, ನಮ್ಮದೇ ಬೆಂಚಿನ ಮೇಲೆ ಕಾಯುತ್ತಿರುವ
ರಾಮಲಿಂಗಯ್ಯ, ಮಾಜಿ ಟೆಂಪೊ ಡ್ರೈವರ್, ಕುದೂರು